ಅಪ್ಪಣೆ ಪಾಲಿಸಿದವನೇ ಅಪ್ಪಣೆಯನ್ನು ಪ್ರಶ್ನಿಸಿದಾಗ: ಡೇನಿಯಲ್ ಇನೋಯೆ ಬದುಕು

1987ರ ಜುಲೈ. ವಾಷಿಂಗ್ಟನ್ನಿನಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಎರಡೂ ಸದನಗಳ ಜಂಟಿ ವಿಚಾರಣೆ ನಡೆಯುತ್ತಿದೆ. ದೇಶವೆಲ್ಲ ಟಿವಿ ಮುಂದೆ ಕೂತಿದೆ. ಸಾಕ್ಷಿಯ ಮೇಜಿನ ಹಿಂದೆ ಸಮವಸ್ತ್ರ ತೊಟ್ಟ ಮರೀನ್ ಪಡೆಯ ಲೆಫ್ಟಿನೆಂಟ್ ಕರ್ನಲ್ ಆಲಿವರ್ ನಾರ್ತ್. ಅಧ್ಯಕ್ಷರ ಕುರ್ಚಿಯಲ್ಲಿ ಹವಾಯಿಯ ಸೆನೆಟರ್ ಡೇನಿಯಲ್ ಇನೋಯೆ. ಅವರ ಕೋಟಿನ ಬಲತೋಳು ಖಾಲಿ.

ಪ್ರಕರಣ ಸ್ವಲ್ಪ ಗೋಜಲಿನದು. ನಿಕರಾಗುವದ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾ ಬಂಡುಕೋರರಿಗೆ ಹಣ ಕೊಡಕೂಡದು ಎಂದು ಕಾಂಗ್ರೆಸ್ ಕಾನೂನು ಮಾಡಿತ್ತು. ಅಧ್ಯಕ್ಷ ರೇಗನ್ ಅವರ ಭದ್ರತಾ ಮಂಡಳಿಯ ಕೆಲವು ಅಧಿಕಾರಿಗಳು ಗುಟ್ಟಾಗಿ ಇರಾನಿಗೆ ಶಸ್ತ್ರ ಮಾರಿ, ಬಂದ ಲಾಭದಲ್ಲಿ ಒಂದು ಪಾಲನ್ನು ಅದೇ ಬಂಡುಕೋರರ ಕಡೆಗೆ ತಿರುಗಿಸಿದ್ದರು. ಸಿಕ್ಕಿಬಿದ್ದ ಮೇಲೆ ನಾರ್ತ್ ಹೇಳಿದ್ದು ಇಷ್ಟು: ಮಾಡಿದ್ದೆಲ್ಲ ದೇಶಕ್ಕಾಗಿ, ಮೇಲಿನವರ ಒಪ್ಪಿಗೆಯಿಂದ. ಕೋಟ್ಯಂತರ ಜನರಿಗೆ ಅವರು ಅಂದು ನಾಯಕನಂತೆ ಕಂಡರು.

ಇನೋಯೆ ತಮ್ಮ ಮುಕ್ತಾಯದ ಮಾತಿನಲ್ಲಿ ಸೇನಾ ಕಾನೂನನ್ನು ನೆನಪಿಸಿದರು. ಮೇಲಧಿಕಾರಿಯ ಅಪ್ಪಣೆ ಪಾಲಿಸಬೇಕು, ನಿಜ. ಆದರೆ ಪಾಲಿಸಬೇಕಾದದ್ದು ಕಾನೂನಿಗೆ ಒಪ್ಪುವ ಅಪ್ಪಣೆಯನ್ನು ಮಾತ್ರ, ಕಾನೂನುಬಾಹಿರ ಅಪ್ಪಣೆಯನ್ನು ಮೀರುವುದೇ ಸೈನಿಕನ ಕರ್ತವ್ಯ. ನ್ಯೂರೆಂಬರ್ಗ್‌ನಲ್ಲಿ ನಾಜಿಗಳ ವಿಚಾರಣೆ ನಡೆದಾಗ ಈ ತತ್ವವನ್ನು ಜಗತ್ತಿನ ಮುಂದಿಟ್ಟವರೇ ನಾವು ಎಂದು ಅವರು ಹೇಳುತ್ತಿದ್ದಂತೆ ನಾರ್ತ್ ಪರ ವಕೀಲರು ಮಧ್ಯದಲ್ಲೇ ತಡೆದು ಬಲವಾಗಿ ಆಕ್ಷೇಪಿಸಿದರು. ಆ ದಿನಗಳಲ್ಲಿ ಇನೋಯೆ ಅವರ ಜನಾಂಗವನ್ನೇ ಹಿಡಿದು ಬಯ್ಯುವ ಸಂದೇಶಗಳು ಎಷ್ಟು ಬಂದವೆಂದರೆ, ಸಮಿತಿಯಲ್ಲಿದ್ದ ರಿಪಬ್ಲಿಕನ್ ಸೆನೆಟರ್ ವಾರನ್ ರಡ್ಮನ್ ಅದನ್ನು ಬಹಿರಂಗವಾಗಿ ಖಂಡಿಸಬೇಕಾಯಿತು.

ಅಪ್ಪಣೆ ಪಾಲಿಸುವುದೆಂದರೇನು ಎಂದು ಆ ಕೋಣೆಯಲ್ಲಿ ಇನೋಯೆಗೆ ಯಾರೂ ಪಾಠ ಹೇಳುವಂತಿರಲಿಲ್ಲ. ಸೈನಿಕ, ವಕೀಲ, ಜನಪ್ರತಿನಿಧಿ ಎಂದು ಅವರ ಬದುಕನ್ನು ಮೂರು ಅಧ್ಯಾಯವಾಗಿ ಬರೆಯುವುದು ರೂಢಿ. ನನಗೆ ಅದು ಒಂದೇ ಪ್ರಶ್ನೆಯ ಮೂರು ಪ್ರಯತ್ನಗಳಂತೆ ಕಾಣುತ್ತದೆ. ಒಬ್ಬ ಮನುಷ್ಯ ಈ ದೇಶದವನೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು?

ಈ ಪ್ರಶ್ನೆ ಅವರ ಮನೆಯೊಳಗೇ ಇತ್ತು. ಜಪಾನಿನ ಫುಕುಒಕಾ ಪ್ರಾಂತದ ಹಳ್ಳಿಯೊಂದರಲ್ಲಿ ಇನೋಯೆ ಕುಟುಂಬದ ಮನೆಯಲ್ಲಿ ಹೊತ್ತಿದ ಬೆಂಕಿ ಪಕ್ಕದ ಮನೆಗಳನ್ನೂ ಸುಟ್ಟಿತು. ಆ ನಷ್ಟ ತುಂಬಿಕೊಡುವ ಹೊಣೆ ಕುಟುಂಬದ ಮೇಲೆ ಬಿತ್ತು. ಸಾಲ ತೀರಿಸಲೆಂದು ಅಜ್ಜ ಅಸಾಕಿಚಿ 1899ರಲ್ಲಿ ಹೆಂಡತಿ ಮತ್ತು ಪುಟ್ಟ ಮಗನೊಂದಿಗೆ ಹವಾಯಿಯ ಕಬ್ಬಿನ ತೋಟಕ್ಕೆ ಕೂಲಿಯಾಗಿ ಬಂದರು. ಸಾಲ ತೀರುವಷ್ಟರಲ್ಲಿ ದಶಕಗಳು ಕಳೆದವು, ಮಗ ಅಲ್ಲೇ ಬೆಳೆದ. ಆ ಮಗನ ಹಿರಿಯ ಮಗನೇ 1924ರ ಸೆಪ್ಟೆಂಬರ್ 7ರಂದು ಹೊನೊಲುಲುವಿನಲ್ಲಿ ಹುಟ್ಟಿದ ಡೇನಿಯಲ್.

ಹವಾಯಿಯಲ್ಲಿ ಹುಟ್ಟಿದ್ದರಿಂದ ಡೇನಿಯಲ್ ಜನ್ಮತಃ ಅಮೆರಿಕದ ಪ್ರಜೆ. ಆದರೆ ಎಳೆಯ ವಯಸ್ಸಿನಲ್ಲೇ ಬಂದು ಅಲ್ಲೇ ಬೆಳೆದ ತಂದೆ ಹ್ಯೋತಾರೊ ಪ್ರಜೆಯಾಗುವಂತಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ವಲಸೆ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ ಪೌರತ್ವ ಸಿಗುತ್ತಿತ್ತು. ಹೊನೊಲುಲುವಿನಲ್ಲೇ ನೆಲೆಸಿದ್ದ ತಕಾವೊ ಒಜಾವಾ ಎಂಬುವರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1922ರಲ್ಲಿ ಸೋತಿದ್ದರು. ಈ ಬಾಗಿಲು ತೆರೆದದ್ದು 1952ರಲ್ಲಿ. ಹೀಗೆ ಒಂದೇ ಊಟದ ಮೇಜಿನಲ್ಲಿ ಕೂತ ಅಪ್ಪ ಕಾನೂನಿನ ಕಣ್ಣಲ್ಲಿ ಪರದೇಶಿ, ಮಗ ಸ್ವದೇಶಿ. ಮುಂದಿನದು ಅರ್ಥವಾಗಬೇಕಾದರೆ ಈ ಒಂದು ಸಂಗತಿಯನ್ನು ನೆನಪಿಡಬೇಕು.

1941ರ ಡಿಸೆಂಬರ್ 7, ಭಾನುವಾರ. 17 ವರ್ಷದ ಡೇನಿಯಲ್ ಚರ್ಚಿಗೆ ಹೊರಡಲು ಬಟ್ಟೆ ಹಾಕಿಕೊಳ್ಳುತ್ತಿದ್ದಾಗ ರೇಡಿಯೋದಲ್ಲಿ ಪರ್ಲ್ ಹಾರ್ಬರ್ ಮೇಲಿನ ದಾಳಿಯ ಸುದ್ದಿ ಬಂತು. ಹೊರಗೆ ಬಂದು ನೋಡಿದರೆ ತಲೆಯ ಮೇಲೆ ಹಾರುವ ವಿಮಾನಗಳ ರೆಕ್ಕೆಯಲ್ಲಿ ಕೆಂಪು ಸೂರ್ಯ. ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದ ಹುಡುಗ ಸೈಕಲ್ ಹತ್ತಿ ನೆರವು ಕೇಂದ್ರಕ್ಕೆ ಹೋದವನು ಮುಂದಿನ ಹಲವು ದಿನ ಗಾಯಾಳುಗಳ ಮತ್ತು ಹೆಣಗಳ ನಡುವೆಯೇ ಕಳೆದ. ಇಷ್ಟಾದ ಮೇಲೂ ಸೇನಾ ಭರ್ತಿ ಕಚೇರಿಯ ದಾಖಲೆಯಲ್ಲಿ ಅವನಂಥವರ ವರ್ಗ ಬದಲಾಯಿತು. 1942ರಲ್ಲಿ ಜಪಾನಿ ಮೂಲದ ಯುವಕರನ್ನು 4-ಸಿ ವರ್ಗಕ್ಕೆ ಹಾಕಲಾಯಿತು. ಅದು ಶತ್ರುದೇಶದ ಪರಕೀಯರಿಗಿದ್ದ ವರ್ಗ. ಹುಟ್ಟಿನಿಂದ ಪ್ರಜೆಯಾಗಿದ್ದವನು ಕಾಗದದ ಮೇಲಿನ ಒಂದು ಅಂಕಿ, ಒಂದು ಅಕ್ಷರದಿಂದ ಶತ್ರುವಾದ.

ಅತ್ತ ಪಶ್ಚಿಮ ಕರಾವಳಿಯಲ್ಲಿ ನಡೆದದ್ದು ಇನ್ನೂ ಘೋರ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ 9066ನೇ ಕಾರ್ಯಾದೇಶದ ಬಲದಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಬಾಂಬು ಬಿದ್ದದ್ದು ಹವಾಯಿಯಲ್ಲಿ, ಹಾಗಿದ್ದರೆ ಅಲ್ಲಿನವರನ್ನು ಯಾಕೆ ಸಾಮೂಹಿಕವಾಗಿ ಬಂಧಿಸಲಿಲ್ಲ? ದ್ವೀಪಗಳ ಜನಸಂಖ್ಯೆಯಲ್ಲಿ ಮೂರನೇ ಒಂದಕ್ಕೂ ಹೆಚ್ಚು ಮಂದಿ ಜಪಾನಿ ಮೂಲದವರೇ ಆಗಿದ್ದರು. ಅವರನ್ನೆಲ್ಲ ಎತ್ತಿ ಹಾಕಿದರೆ ಕಬ್ಬು ಕಡಿಯುವವರು, ಬಂದರಿನಲ್ಲಿ ದುಡಿಯುವವರು ಇರುತ್ತಿರಲಿಲ್ಲ. ಬದಲಿಗೆ ಇಡೀ ಹವಾಯಿಯ ಮೇಲೆ 1944ರ ಅಕ್ಟೋಬರ್‌ವರೆಗೆ ಸೇನಾ ಆಡಳಿತ ಹೇರಿ, ಸಾಮಾನ್ಯ ಅಪರಾಧಗಳನ್ನೂ ಸೇನಾ ನ್ಯಾಯಾಲಯಗಳಲ್ಲಿ ವಿಚಾರಿಸಿದರು. ಅದು ತಪ್ಪೆಂದು ಸುಪ್ರೀಂ ಕೋರ್ಟ್ 1946ರಲ್ಲಿ ಹೇಳಿತು, ಯುದ್ಧ ಮುಗಿದ ಮೇಲೆ. ಭಯವಿದ್ದಲ್ಲಿ ಬಂಧನವಿಲ್ಲ, ಬಂಧನವಿದ್ದಲ್ಲಿ ಬಾಂಬಿಲ್ಲ. ಇಷ್ಟು ಹೋಲಿಸಿದರೆ ಸಾಕು, ‘ಸೇನೆಯ ಅನಿವಾರ್ಯತೆ’ ಎಂಬ ಸರ್ಕಾರಿ ಸಮರ್ಥನೆಯ ಟೊಳ್ಳು ಕಾಣುತ್ತದೆ.

1943ರ ಆರಂಭದಲ್ಲಿ ಸರ್ಕಾರ ಅರ್ಧ ಮನಸ್ಸು ಬದಲಿಸಿ, ಜಪಾನಿ ಮೂಲದವರದೇ ಪ್ರತ್ಯೇಕ ತುಕಡಿಯಾಗಿ 442ನೇ ರೆಜಿಮೆಂಟ್ ಕಟ್ಟಲು ಹೊರಟಿತು. ಹವಾಯಿಯಿಂದ ಕೇಳಿದ್ದು 1,500 ಮಂದಿ, ಮುಂದೆ ಬಂದವರು ಸುಮಾರು 10,000. ಆಗ ವೈದ್ಯನಾಗುವ ಆಸೆಯಿಂದ ಓದುತ್ತಿದ್ದ ಡೇನಿಯಲ್‌ರನ್ನು ಮೊದಲು ಸೇರಿಸಿಕೊಳ್ಳಲಿಲ್ಲ. ವೈದ್ಯಕೀಯದ ಓದು, ನೆರವು ಕೇಂದ್ರದ ಕೆಲಸ ಎರಡೂ ಅಗತ್ಯದ್ದು ಎಂಬ ಕಾರಣ ಕೊಟ್ಟರು. ಅವರು ಎರಡನ್ನೂ ಬಿಟ್ಟು ಬಂದು ಮತ್ತೆ ಕೇಳಿ ಸೇರಿದರು. ಬೀಳ್ಕೊಡಲು ಬಂದ ತಂದೆ ಬಹಳ ಹೊತ್ತು ಮಾತಾಡದೆ, ಕೊನೆಗೆ ಈ ದೇಶ ನಮಗೆ ಒಳ್ಳೆಯದು ಮಾಡಿದೆ, ಏನೇ ಆದರೂ ಮನೆತನಕ್ಕೆ ಕೆಟ್ಟ ಹೆಸರು ತರಬೇಡ ಎಂದರಂತೆ. ಹಾಗೆಂದವರು ಆ ದೇಶ ತನ್ನ ಪ್ರಜೆಯೆಂದು ಒಪ್ಪದ ಮನುಷ್ಯ.

ತರಬೇತಿ ಮಿಸಿಸಿಪ್ಪಿಯ ಕ್ಯಾಂಪ್ ಶೆಲ್ಬಿಯಲ್ಲಿ. ಅಲ್ಲಿ ಹವಾಯಿಯ ಹುಡುಗರಿಗೂ ಕ್ಯಾಲಿಫೋರ್ನಿಯಾ ಕಡೆಯಿಂದ ಬಂದವರಿಗೂ ದಿನಾ ಜಗಳ. ಆ ಕಡೆಯವರು ಸದಾ ಮುಖ ಬಿಗಿದುಕೊಂಡಿರುತ್ತಾರೆ, ಹಣ ಬಿಚ್ಚುವುದಿಲ್ಲ ಎಂಬುದು ಹವಾಯಿಯವರ ದೂರು. ಒಂದು ದಿನ ಹವಾಯಿಯ ಕೆಲವರನ್ನು ಆರ್ಕನ್ಸಾದ ರೋವರ್ ಎಂಬಲ್ಲಿಗೆ ಕರೆದೊಯ್ದರು. ಅತಿಥಿಗಳಾಗಿ ಹೋಗುತ್ತಿದ್ದೇವೆಂದು ಹಾಡಿಕೊಂಡು ಹೊರಟಿದ್ದ ಹುಡುಗರಿಗೆ ಕಂಡದ್ದು ಮುಳ್ಳುತಂತಿ, ಕಾವಲು ಗೋಪುರ, ಒಳಗೆ ತಮ್ಮದೇ ಮುಖದ ಸಂಸಾರಗಳು. ತಮ್ಮ ಜೊತೆಗಾರ ಸೈನಿಕರ ಅಪ್ಪ ಅಮ್ಮಂದಿರು ಇರುವುದು ಇಂಥಲ್ಲಿ ಎಂದು ಆಗ ತಿಳಿಯಿತು. ವಾಪಸು ಬರುವಾಗ ಲಾರಿಯಲ್ಲಿ ಯಾರೂ ಮಾತಾಡಲಿಲ್ಲ. ಆ ತಂತಿಯೊಳಗೆ ತಾನಿದ್ದಿದ್ದರೆ ಸೈನ್ಯಕ್ಕೆ ಸೇರುತ್ತಿದ್ದೆನೇ ಎಂದು ಇನೋಯೆ ಬದುಕಿಡೀ ಕೇಳಿಕೊಂಡರು. ಖಂಡಿತ ಸೇರುತ್ತಿದ್ದೆ ಎಂದು ಅವರೆಂದೂ ಜಂಬ ಕೊಚ್ಚಲಿಲ್ಲ. ಅವರ ಶೌರ್ಯಕ್ಕಿಂತ ಈ ಪ್ರಾಮಾಣಿಕತೆಯೇ ನನ್ನನ್ನು ಹೆಚ್ಚು ಕಾಡುವುದು.

1944ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಜರ್ಮನ್ನರ ಸುತ್ತುವರಿಕೆಗೆ ಸಿಕ್ಕಿದ್ದ ಟೆಕ್ಸಾಸ್ ಬೆಟಾಲಿಯನ್ನಿನ 211 ಮಂದಿಯನ್ನು 442ನೇ ರೆಜಿಮೆಂಟ್ ಬಿಡಿಸಿ ತಂದಿತು. ಅದಕ್ಕೆ ತೆತ್ತ ಬೆಲೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 800. ಇದಾಗಿ ಎರಡು ತಿಂಗಳೂ ತುಂಬುವ ಮೊದಲು, ಡಿಸೆಂಬರ್ 18ರಂದು, ಕೊರೆಮಾತ್ಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಪಾನಿ ಮೂಲದವರನ್ನು ಊರು ಬಿಡಿಸಿದ್ದು ಸರಿಯೆಂದು 6-3ರ ಬಹುಮತದಲ್ಲಿ ತೀರ್ಪು ಕೊಟ್ಟಿತು.

ವೋಜ್ ಹೋರಾಟದ ದಿನಗಳಲ್ಲಿ ಇನೋಯೆ ಎದೆಗೆ ಬಡಿದ ಗುಂಡನ್ನು ಅಂಗಿಯ ಜೇಬಿನಲ್ಲಿದ್ದ ಎರಡು ಬೆಳ್ಳಿ ಡಾಲರ್ ನಾಣ್ಯಗಳು ತಡೆದವು. ಅಲ್ಲಿ ತೋರಿದ ಧೈರ್ಯಕ್ಕೆ ಯುದ್ಧಭೂಮಿಯಲ್ಲೇ ಸೆಕೆಂಡ್ ಲೆಫ್ಟಿನೆಂಟ್ ಹುದ್ದೆ ಸಿಕ್ಕಿತು.

1945ರ ಏಪ್ರಿಲ್ 21. ಇಟಲಿಯ ಸಾನ್ ತೆರೆಂಜೊ ಬಳಿ ಕೊಲ್ಲೆ ಮುಸಟೆಲ್ಲೊ ಎಂಬ ದಿಣ್ಣೆ, ಮೇಲೆ ಜರ್ಮನ್ನರ ಮೂರು ಮೆಷಿನ್‌ಗನ್ ನೆಲೆಗಳು. ಇಪ್ಪತ್ತರ ಇನೋಯೆ ತಮ್ಮ ಪ್ಲಟೂನಿನ ಮುಂದೆ. ಹೊಟ್ಟೆಗೆ ಗುಂಡು ಹೊಕ್ಕಿತು, ಆದರೂ ನಿಲ್ಲಲಿಲ್ಲ. ಎರಡು ನೆಲೆಗಳು ಮುಗಿದವು. ಮೂರನೆಯದರ ಹತ್ತಿರಕ್ಕೆ ತೆವಳಿ, ಗ್ರೆನೇಡಿನ ಪಿನ್ನು ಕಿತ್ತು ಬಲಗೈ ಎತ್ತಿದಾಗ ಎದುರಿನಿಂದ ಬಂದ ರೈಫಲ್ ಗ್ರೆನೇಡ್ ಮೊಣಕೈಗೇ ಬಡಿಯಿತು. ತೋಳು ಹರಿದು ನೇತಾಡುತ್ತಿದ್ದರೂ ಬೆರಳುಗಳು ಜೀವಂತ ಗ್ರೆನೇಡನ್ನು ಬಿಗಿಯಾಗಿ ಹಿಡಿದೇ ಇದ್ದವು. ನೆರವಿಗೆ ಓಡಿಬಂದ ಹುಡುಗರಿಗೆ ದೂರ ಸರಿಯಿರೆಂದು ಕೂಗಿ, ಎಡಗೈಯಿಂದ ಆ ಬೆರಳುಗಳನ್ನು ಬಿಡಿಸಿ ಗ್ರೆನೇಡ್ ಕಿತ್ತು ಎಸೆದರು. ಮೂರನೆಯ ನೆಲೆಯೂ ಹೋಯಿತು. ಆಮೇಲೆ ಒಂದೇ ಕೈಯಲ್ಲಿ ಗುಂಡು ಹಾರಿಸುತ್ತ ನಡೆದವರಿಗೆ ಕಾಲಿಗೂ ಗುಂಡು ತಗಲಿ ಇಳಿಜಾರಿನಲ್ಲಿ ಉರುಳಿದರು. ಸುತ್ತ ನೆರೆದವರಿಗೆ ಅವರು ಹೇಳಿದ್ದು, ಯುದ್ಧ ನಿಲ್ಲಿಸಿ ಎಂದು ಯಾರೂ ಹೇಳಿಲ್ಲ, ನಿಮ್ಮ ಜಾಗಕ್ಕೆ ಹೋಗಿ ಎಂದು. ಇಟಲಿಯಲ್ಲಿ ಜರ್ಮನ್ನರು ಶರಣಾದದ್ದು ಹನ್ನೊಂದು ದಿನದ ಬಳಿಕ.

ಬಲಗೈ ಹೋಯಿತು, ಸರ್ಜನ್ ಆಗುವ ಆಸೆಯೂ ಹೋಯಿತು. ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಬಳಿ ಸಿಗರೇಟು ಕೇಳಿದಾಗ ಆಕೆ ಒಡೆಯದ ಪ್ಯಾಕನ್ನು ಬೆಂಕಿಪೊಟ್ಟಣದ ಜೊತೆ ಎದೆಯ ಮೇಲೆ ಹಾಕಿ ಹೋದಳಂತೆ. ಹಲ್ಲು, ಗದ್ದ, ಎಡಗೈ ಎಲ್ಲ ಬಳಸಿ ಹೆಣಗಾಡಿದ ಮೇಲೆ ಬಂದು, ಒಂದೇ ಕೈಯಲ್ಲಿ ಕಡ್ಡಿ ಗೀರುವುದು ಹೇಗೆಂದು ತೋರಿಸಿಕೊಟ್ಟಳು. ಬೇರೆ ಬೇರೆ ಆಸ್ಪತ್ರೆಗಳಲ್ಲಿ ಸುಮಾರು 20 ತಿಂಗಳು ಕಳೆದವು. ಮಿಷಿಗನ್ನಿನ ಬ್ಯಾಟಲ್ ಕ್ರೀಕ್‌ನಲ್ಲಿದ್ದ ಪರ್ಸಿ ಜೋನ್ಸ್ ಸೇನಾ ಆಸ್ಪತ್ರೆಯಲ್ಲಿ ಅವರಿಗೆ ಇಬ್ಬರು ಸಿಕ್ಕಿದರು: ಇನೋಯೆಗಿಂತ ಒಂದು ವಾರ ಮುಂಚೆ ಇಟಲಿಯಲ್ಲೇ ಗಾಯಗೊಂಡು ಬಲಗೈಯ ಶಕ್ತಿ ಕಳೆದುಕೊಂಡಿದ್ದ ಕಾನ್ಸಸ್‌ನ ಬಾಬ್ ಡೋಲ್, ಮತ್ತು ನಾರ್ಮಂಡಿಯಲ್ಲಿ ಗಾಯಗೊಂಡಿದ್ದ ಫಿಲಿಪ್ ಹಾರ್ಟ್. ಮುಂದೇನು ಮಾಡುತ್ತೀ ಎಂದು ಇನೋಯೆ ಕೇಳಿದ್ದಕ್ಕೆ ಡೋಲ್ ತಮ್ಮ ಯೋಜನೆಯನ್ನು ಬಿಡಿಸಿಟ್ಟರು. ಕಾನೂನು ಓದುವುದು, ಊರಿನಲ್ಲಿ ಚುನಾವಣೆಗೆ ನಿಲ್ಲುವುದು, ಸಮಯ ಬಂದಾಗ ಕಾಂಗ್ರೆಸ್ಸಿಗೆ ಹೋಗುವುದು. ಇನೋಯೆಗೆ ಅದು ಹಿಡಿಸಿತು. ಮೂವರೂ ಕೊನೆಗೆ ಸೆನೆಟರುಗಳಾದರು, ಆ ಆಸ್ಪತ್ರೆಯ ಕಟ್ಟಡಕ್ಕೆ ಈಗ ಮೂವರ ಹೆಸರೂ ಇದೆ. ಯೋಜನೆ ಹೇಳಿದ ಡೋಲ್‌ಗಿಂತ ಮೊದಲು ಕಾಂಗ್ರೆಸ್ಸಿಗೆ ತಲುಪಿದವರು ಮಾತ್ರ ಇನೋಯೆ: ಅವರು 1959ರಲ್ಲಿ, ಡೋಲ್ 1961ರಲ್ಲಿ.

ಊರಿಗೆ ಮರಳುವ ದಾರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಬಳಿ, ಪದಕಗಳಿದ್ದ ಸಮವಸ್ತ್ರದಲ್ಲೇ ಕ್ಷೌರದಂಗಡಿಗೆ ಹೋದರು. ಜಪಾನಿಗಳಿಗೆ ಇಲ್ಲಿ ಕೂದಲು ಕತ್ತರಿಸುವುದಿಲ್ಲ ಎಂದು ಅಂಗಡಿಯವನು ಕಳಿಸಿದ. ಸುರಿದ ರಕ್ತ ಮನಸ್ಸುಗಳನ್ನು ಮುಟ್ಟಬಹುದು, ಕಾಗದದ ಮೇಲಿನ ವರ್ಗಗಳನ್ನು ತಾನಾಗಿ ಅಳಿಸುವುದಿಲ್ಲ. ಅವನ್ನು ಅಳಿಸಬೇಕಾದರೆ ಇನ್ನೊಂದು ಕಾಗದವೇ ಬೇಕು. ಇನೋಯೆ ವಕೀಲರಾದದ್ದರ ಅರ್ಥ ನನಗೆ ಇಲ್ಲಿ ಹೊಳೆಯುತ್ತದೆ.

ದಾರಿ ಮಾಡಿಕೊಟ್ಟದ್ದು ಜಿಐ ಬಿಲ್ ಎಂದು ಹೆಸರಾದ 1944ರ ಕಾನೂನು. ಯುದ್ಧದಿಂದ ಮರಳಿದವರ ಕಾಲೇಜು ಶುಲ್ಕ, ಜೀವನ ಭತ್ಯೆಯನ್ನು ಸರ್ಕಾರವೇ ಕೊಡುತ್ತಿತ್ತು. ಸುಮಾರು 78 ಲಕ್ಷ ಮಂದಿ ಅದರಡಿ ಓದಿದರು ಅಥವಾ ತರಬೇತಿ ಪಡೆದರು. ಕೂಲಿಯ ಮೊಮ್ಮಗ ಹವಾಯಿ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ, ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1953ರಲ್ಲಿ ಹೊನೊಲುಲುವಿನ ಸಹಾಯಕ ಪಬ್ಲಿಕ್ ಪ್ರಾಸಿಕ್ಯೂಟರ್ ಆದರು.

ಆಗಿನ ಹವಾಯಿ ರಾಜ್ಯವಲ್ಲ, ‘ಟೆರಿಟರಿ’. ಅಲ್ಲಿನವರು ತೆರಿಗೆ ಕಟ್ಟಬೇಕು, ಯುದ್ಧಕ್ಕೂ ಹೋಗಬೇಕು, ಆದರೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಗವರ್ನರನ್ನು ವಾಷಿಂಗ್ಟನ್ ನೇಮಿಸುತ್ತಿತ್ತು. ಕಾಂಗ್ರೆಸ್ಸಿಗೆ ಒಬ್ಬನೇ ಪ್ರತಿನಿಧಿ, ಮಾತಾಡಬಹುದು, ಮತ ಹಾಕುವಂತಿಲ್ಲ. ಒಳಗಿನ ಅಧಿಕಾರ ಸಕ್ಕರೆ ವ್ಯಾಪಾರದ ಐದು ದೊಡ್ಡ ಕಂಪನಿಗಳು ಮತ್ತು ಅವುಗಳಿಗೆ ಆಪ್ತವಾದ ರಿಪಬ್ಲಿಕನ್ ಪಕ್ಷದ ಕೈಯಲ್ಲಿ. ಇದನ್ನು ಮುರಿಯಲು ಜಾನ್ ಬರ್ನ್ಸ್ ಎಂಬ ಮಾಜಿ ಪೊಲೀಸ್ ಅಧಿಕಾರಿ ಡೆಮಾಕ್ರಟಿಕ್ ಪಕ್ಷವನ್ನು ಹೊಸದಾಗಿ ಕಟ್ಟತೊಡಗಿದರು. ಅವರ ಬೆನ್ನಿಗೆ ನಿಂತವರು ಕಾರ್ಮಿಕ ಸಂಘದವರು ಮತ್ತು 442ರ ಹುಡುಗರು. 1954ರ ಚುನಾವಣೆಯಲ್ಲಿ ಅವರ ಮೇಲೆ ಕಮ್ಯುನಿಸ್ಟರೆಂಬ ಆರೋಪ ಬಂದಾಗ ಇನೋಯೆ, ಫ್ಯಾಸಿಸ್ಟರ ವಿರುದ್ಧ ಈ ಕೈ ಕೊಟ್ಟಿದ್ದೇನೆ, ಕಮ್ಯುನಿಸ್ಟರ ವಿರುದ್ಧ ದೇಶ ಇನ್ನೊಂದನ್ನೂ ಕೇಳಿದರೆ ಕೊಡುತ್ತೇನೆ ಎಂದು ಉತ್ತರಿಸಿದರು. ಪಕ್ಷ ಗೆದ್ದಿತು. ಪ್ರಾದೇಶಿಕ ಶಾಸನಸಭೆಯಲ್ಲಿ ಅವರು ಬಹುಮತದ ನಾಯಕರಾದರು.

1959ರ ಆಗಸ್ಟ್ 21ರಂದು ಹವಾಯಿ 50ನೇ ರಾಜ್ಯವಾಯಿತು. ಅಷ್ಟು ತಡವಾದದ್ದಕ್ಕೆ ಒಂದು ಕಾರಣ, ಬಿಳಿಯರಲ್ಲದವರು ಬಹುಸಂಖ್ಯಾತರಾಗಿರುವ ರಾಜ್ಯವನ್ನು ದಕ್ಷಿಣದ ಸೆನೆಟರುಗಳು ಬಯಸದೇ ಇದ್ದದ್ದು. ಪ್ರತಿನಿಧಿ ಸಭೆಗೆ ಹವಾಯಿಯ ಮೊದಲ ಸದಸ್ಯರಾಗಿ ಇನೋಯೆ ಪ್ರಮಾಣವಚನಕ್ಕೆ ನಿಂತಾಗ ಸ್ಪೀಕರ್ ಸ್ಯಾಮ್ ರೇಬರ್ನ್ ರೂಢಿಯಂತೆ ‘ಬಲಗೈ ಎತ್ತಿ’ ಎಂದರು. ಮೇಲೆದ್ದದ್ದು ಎಡಗೈ. ಸದನದಲ್ಲಿ ಪಿಸುಮಾತೂ ಇರಲಿಲ್ಲ ಎಂದು ನಂತರ ಇನ್ನೊಬ್ಬ ಸದಸ್ಯ ಕಡತಕ್ಕೆ ಸೇರಿಸಿದ ಮಾತಿನಲ್ಲಿದೆ. 1962ರಲ್ಲಿ ಸೆನೆಟ್‌ಗೆ ಗೆದ್ದವರು ಸಾಯುವವರೆಗೂ, ಹತ್ತಿರ ಹತ್ತಿರ ಐವತ್ತು ವರ್ಷ, ಅಲ್ಲಿದ್ದರು.

ಆ ಐವತ್ತು ವರ್ಷವನ್ನು ಒಂದೊಂದಾಗಿ ಹೇಳುವುದು ಬೇಡ. ಅಧ್ಯಕ್ಷ ನಿಕ್ಸನ್ ಕಡೆಯವರ ಹಗರಣದ ಕುರಿತಾದ 1973ರ ವಾಟರ್‌ಗೇಟ್ ವಿಚಾರಣೆಯಲ್ಲಿ ಅವರಿದ್ದರು, ನಿಕ್ಸನ್ ಸಹಾಯಕರ ಪರ ವಕೀಲನೊಬ್ಬ ಅವರನ್ನು ಜನಾಂಗೀಯವಾಗಿ ಹಳಿದದ್ದೂ ಆಗಲೇ. ಬೇಹುಗಾರಿಕೆ ಸಂಸ್ಥೆಗಳ ಮೇಲೆ ಕಣ್ಣಿಡಲು 1976ರಲ್ಲಿ ರಚಿಸಿದ ಸೆನೆಟ್ ಸಮಿತಿಗೆ ಮೊದಲ ಅಧ್ಯಕ್ಷರೂ ಅವರೇ. 1991ರ ಕೊಲ್ಲಿ ಯುದ್ಧಕ್ಕೂ 2002ರ ಇರಾಕ್ ಯುದ್ಧಕ್ಕೂ ಅನುಮತಿ ಕೊಡುವ ನಿರ್ಣಯಗಳ ವಿರುದ್ಧ ಮತ ಹಾಕಿದರು. ಇನ್ನೊಂದು ಮುಖವೂ ಇದೆ. ಹಣಕಾಸು ವಿನಿಯೋಗ ಸಮಿತಿಯಲ್ಲಿದ್ದುಕೊಂಡು ತಮ್ಮ ರಾಜ್ಯಕ್ಕೆ ಹೇರಳ ಹಣ ಹರಿಸಿದ್ದಕ್ಕೆ ಟೀಕೆ ಕೇಳಿದರು, ಅದನ್ನು ಅವರು ಹೆಮ್ಮೆಯಿಂದಲೇ ಒಪ್ಪಿಕೊಂಡರು. 1992ರಲ್ಲಿ ಮಹಿಳೆಯೊಬ್ಬರು ಅವರ ಮೇಲೆ ಲೈಂಗಿಕ ದುರ್ವರ್ತನೆಯ ಆರೋಪ ಹೊರಿಸಿದರು. ಅವರು ನಿರಾಕರಿಸಿದರು, ಮೊಕದ್ದಮೆ ದಾಖಲಾಗಲಿಲ್ಲ. ಅವರ ಬದುಕು ಬರೆಯುವವರು ಇದನ್ನು ಬಿಟ್ಟು ಬರೆಯಬಾರದು.

ನಾನು ನಿಂತು ನೋಡಬೇಕೆನ್ನುವುದು ಶಿಬಿರಗಳ ಪರಿಹಾರದ ಕಥೆಯ ಮುಂದೆ. ಸೈನಿಕನ ತಾಳ್ಮೆ, ವಕೀಲನ ಲೆಕ್ಕಾಚಾರ ಎರಡೂ ಅಲ್ಲಿ ಒಟ್ಟಿಗೆ ಕಾಣುತ್ತವೆ. 1970ರ ದಶಕದ ಕೊನೆಗೆ ಜಪಾನಿ ಅಮೆರಿಕನ್ನರು ಪರಿಹಾರ ಕೇಳತೊಡಗಿದಾಗ, ನೇರವಾಗಿ ಹಣ ಕೇಳುವ ಮೊದಲು ಸರ್ಕಾರದ್ದೇ ಒಂದು ಆಯೋಗ ಆಗಲಿ ಎಂದು ಇನೋಯೆ ಸಲಹೆ ಕೊಟ್ಟರು. ಹಲವರಿಗೆ ಸಿಟ್ಟು ಬಂತು. ಹಿರಿಯರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ, ಇದು ಕಾಲ ತಳ್ಳುವ ಉಪಾಯ ಎಂದರು. ಆದರೆ ಕೋರ್ಟು ಕಂಡವರಿಗೆ ಗೊತ್ತು, ಸಾಕ್ಷ್ಯವಿಲ್ಲದೆ ತೀರ್ಪು ಕೇಳುವಂತಿಲ್ಲ. ಅಮೆರಿಕದ ಬಹುಪಾಲು ಜನರಿಗೆ ಆ ಶಿಬಿರಗಳಿದ್ದದ್ದೇ ತಿಳಿದಿರಲಿಲ್ಲ.

1980ರಲ್ಲಿ ಆಯೋಗ ರಚನೆಯಾಯಿತು. 1981ರಲ್ಲಿ ಊರೂರುಗಳಲ್ಲಿ 750ಕ್ಕೂ ಹೆಚ್ಚು ಮಂದಿ ಬಂದು ಹೇಳಿಕೆ ಕೊಟ್ಟರು. ನಲವತ್ತು ವರ್ಷ ಮಕ್ಕಳ ಮುಂದೆಯೂ ಬಾಯಿ ಬಿಡದವರು ಅಲ್ಲಿ ಅತ್ತರು. ಬಂಧನಕ್ಕೆ ಸೇನೆಯ ಅನಿವಾರ್ಯತೆ ಕಾರಣವಲ್ಲ, ಜನಾಂಗ ದ್ವೇಷ, ಯುದ್ಧದ ಉನ್ಮಾದ, ರಾಜಕೀಯ ನಾಯಕತ್ವದ ಸೋಲು ಕಾರಣ ಎಂದು 1983ರಲ್ಲಿ ಆಯೋಗ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ಪ್ರತಿನಿಧಿ ಸಭೆಗೆ ಬಂದ ಮಸೂದೆಯ ಸಂಖ್ಯೆ 442, ರೆಜಿಮೆಂಟಿನ ನೆನಪಿಗೆ. ಸೆನೆಟ್‌ನಲ್ಲಿ ಅದನ್ನು ಹೊತ್ತು ನಡೆದವರು ಹವಾಯಿಯ ಇನ್ನೊಬ್ಬ ಸೈನಿಕ-ವಕೀಲ ಸ್ಪಾರ್ಕ್ ಮಾತ್ಸುನಾಗಾ. 1988ರ ಆಗಸ್ಟ್ 10ರಂದು ರೇಗನ್ ಸಹಿ ಹಾಕಿದರು: ಕ್ಷಮೆ, ಮತ್ತು ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್.

ಆದರೆ ಕಾನೂನಾದ ಮಾತ್ರಕ್ಕೆ ಖಜಾನೆ ತೆರೆಯುವುದಿಲ್ಲ. ಅಮೆರಿಕದಲ್ಲಿ ಹಣ ಕೊಡಬಹುದು ಎನ್ನುವ ಕಾನೂನು ಬೇರೆ, ಪ್ರತಿ ವರ್ಷ ಹಣ ಎತ್ತಿಡುವ ಕಾನೂನು ಬೇರೆ. ಒಂದು ವರ್ಷ ಕಳೆದರೂ ಒಂದು ಡಾಲರ್ ಹೊರಬರಲಿಲ್ಲ. 1989ರಲ್ಲಿ ವಿನಿಯೋಗ ಸಮಿತಿಯ ತಮ್ಮ ಪ್ರಭಾವ ಬಳಸಿ ಇನೋಯೆ ಈ ಪರಿಹಾರವನ್ನು ವರ್ಷವರ್ಷವೂ ಬೇಡಬೇಕಾದ ಅನುದಾನದ ಸಾಲಿನಿಂದ ತೆಗೆದು, ಸರ್ಕಾರ ಕೊಡಲೇಬೇಕಾದ ಬಾಧ್ಯತೆಯ ಸಾಲಿಗೆ ಸೇರಿಸಿದರು. 1990ರ ಅಕ್ಟೋಬರ್‌ನಲ್ಲಿ ಮೊದಲ ಚೆಕ್ಕುಗಳು ಹೊರಟವು, ವಯಸ್ಸಾದವರಿಗೆ ಮೊದಲು. ಕೊನೆಗೆ 82 ಸಾವಿರಕ್ಕೂ ಹೆಚ್ಚು ಜನರಿಗೆ ಪರಿಹಾರ ತಲುಪಿತು. ಇನೋಯೆಗೆ ಅದರಲ್ಲಿ ಪಾಲಿರಲಿಲ್ಲ, ಅವರ ಮನೆಯವರು ಶಿಬಿರದಲ್ಲಿರಲಿಲ್ಲ.

ಪದಕಗಳ ಲೆಕ್ಕವೂ ಹೀಗೆಯೇ ತಡವಾಗಿ ಸರಿಹೋಯಿತು. ಯುದ್ಧ ಮುಗಿದ ಹೊತ್ತಿಗೆ ಆ ರೆಜಿಮೆಂಟಿನ ಒಬ್ಬರಿಗೆ ಮಾತ್ರ ಅತ್ಯುನ್ನತ ಪದಕ ‘ಮೆಡಲ್ ಆಫ್ ಆನರ್’ ಸಿಕ್ಕಿತ್ತು, ಅದೂ ಮರಣೋತ್ತರವಾಗಿ. ಜನಾಂಗದ ಕಾರಣಕ್ಕೆ ಯಾರಿಗೆ ಪದಕ ತಪ್ಪಿತೆಂದು ಸೇನೆ 1990ರ ದಶಕದಲ್ಲಿ ಮರುಪರಿಶೀಲಿಸಿತು. 2000ದ ಜೂನ್ 21ರಂದು ಅಧ್ಯಕ್ಷ ಕ್ಲಿಂಟನ್ 22 ಏಷ್ಯನ್ ಅಮೆರಿಕನ್ನರಿಗೆ ಆ ಪದಕ ನೀಡಿದರು, ಅವರಲ್ಲಿ ಇನೋಯೆ ಒಬ್ಬರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರ ಹೋರಾಡಿದ ಫಿಲಿಪ್ಪೀನ್ಸ್ ಸೈನಿಕರ ಸೌಲಭ್ಯಗಳನ್ನು 1946ರ ಕಾನೂನೊಂದು ಕಿತ್ತುಕೊಂಡಿತ್ತು. ಅವರಿಗೂ 2009ರಲ್ಲಿ ಒಂದು ಬಾರಿಯ ಪರಿಹಾರ ಕೊಡಿಸಿದವರಲ್ಲಿ ಇನೋಯೆ ಮುಂದಿದ್ದರು. ಆ ಸೈನಿಕರಲ್ಲಿ ಅಷ್ಟರೊಳಗೆ ಬಹುಪಾಲು ಮಂದಿ ತೀರಿಕೊಂಡಿದ್ದರು.

2010ರಲ್ಲಿ ಅವರು ಸೆನೆಟ್‌ನ ಪ್ರೊ ಟೆಂಪೊರ್ ಅಧ್ಯಕ್ಷರಾದರು, ಅಂದರೆ ಉಪಾಧ್ಯಕ್ಷರಿಲ್ಲದಾಗ ಸಭೆ ನಡೆಸುವ ಹಂಗಾಮಿ ಅಧ್ಯಕ್ಷರು. ದೇಶದ ಅಧ್ಯಕ್ಷ ಪದವಿ ತೆರವಾದರೆ ಏರುವ ಸಾಲಿನಲ್ಲಿ ಮೂರನೆಯ ಸ್ಥಾನ ಅದು. ಒಮ್ಮೆ 4-ಸಿ ಎಂದು ಬರೆಸಿಕೊಂಡವರು ಅಲ್ಲಿ ಕೂತಿದ್ದರು. 2012ರ ಡಿಸೆಂಬರ್ 17ರಂದು, 88ನೇ ವಯಸ್ಸಿನಲ್ಲಿ, ತೀರಿಕೊಂಡರು. ಕೊನೆಯ ಮಾತು ‘ಅಲೋಹಾ’.

ಪಾರ್ಥಿವ ಶರೀರವನ್ನು ಸಂಸತ್ ಭವನದ ದೊಡ್ಡ ಗುಮ್ಮಟದ ಕೆಳಗೆ ಇರಿಸಿದ್ದರು. 89 ವರ್ಷದ ಬಾಬ್ ಡೋಲ್ ಗಾಲಿಕುರ್ಚಿಯಲ್ಲಿ ಬಂದರು. ಡ್ಯಾನಿ ತನ್ನನ್ನು ಗಾಲಿಕುರ್ಚಿಯಲ್ಲಿ ನೋಡುವುದು ಬೇಡ ಎಂದು ಹೇಳಿ, ಒಬ್ಬರ ಆಸರೆ ಹಿಡಿದು ಎದ್ದು, ಶವಪೆಟ್ಟಿಗೆಯವರೆಗೆ ನಡೆದು ಹೋಗಿ ಎಡಗೈಯಲ್ಲಿ ಸಲ್ಯೂಟ್ ಹೊಡೆದರು.